ಬಸ್ಸಿನಲ್ಲಿ ಪಾಸ್ ಆಗುವ ನೋಟು, ತಲೆಯಿಂದ ಜಾರುವ ಓಟಿಪಿ: ಕ್ಷಣದ ನೆನಪಿನ ವೈರಿಂಗ್

ಮೊನ್ನೆ ಜಯನಗರದಿಂದ ಮೆಜೆಸ್ಟಿಕ್ಕಿಗೆ ಹೋಗುವ ಸಿಟಿ ಬಸ್ಸಿನಲ್ಲಿ ನೇತಾಡುತ್ತಿದ್ದೆ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದರಲ್ಲಿ ಫೋನು. ಕರೆಂಟ್ ಬಿಲ್ ಕಟ್ಟಿಬಿಡೋಣ ಅಂತ ಶುರು ಮಾಡಿದ್ದೆ. ಓಟಿಪಿ ಬಂತು. ಆರು ಅಂಕಿ. ಮೆಸೇಜು ಮೇಲೆ ಒಂದು ಗಳಿಗೆ ಇಣುಕಿ ಹೋಯಿತು. ಅಂಕಿಗಳನ್ನು ಬಾಯಲ್ಲೇ ಗೊಣಗಿಕೊಳ್ಳುತ್ತಾ ಟೈಪ್ ಮಾಡಲು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಭುಜ ತಟ್ಟಿತು. "ಸಾರ್, ಸ್ವಲ್ಪ ಪಾಸ್ ಮಾಡಿ. ಕಾರ್ಪೊರೇಷನ್ ಒಂದು." ಇಪ್ಪತ್ತರ ನೋಟು. ಫೋನನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ನೋಟು ಇಸ್ಕೊಂಡೆ, ಮುಂದಿನವರಿಗೆ ಕೊಟ್ಟೆ. ವಾಪಸ್ ಫೋನ್ ನೋಡಿದರೆ ತಲೆಯಲ್ಲಿ ಮೂರೇ ಅಂಕಿ ಉಳಿದಿತ್ತು.

ಇದು ನನ್ನೊಬ್ಬನ ಕಥೆಯಲ್ಲ, ಅಲ್ವಾ? 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ನಮ್ಮ ತಲೆ ಒಂದು ಸಲಕ್ಕೆ ಹಿಡಿಯುವುದು ಏಳು ಸಂಗತಿ, ಎರಡು ಆಚೀಚೆ ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಇನ್ನೂ ಚೌಕಾಸಿ ಮಾಡಿ ಅದನ್ನು ನಾಲ್ಕಕ್ಕೆ ಇಳಿಸಿದರು. 1959ರಲ್ಲಿ ಪೀಟರ್ಸನ್ ದಂಪತಿ ಇನ್ನೊಂದು ಪರೀಕ್ಷೆ ಮಾಡಿದ್ದರು. ಮೂರು ಅಕ್ಷರ ಹೇಳಿ, ಆಮೇಲೆ ಒಂದು ಸಂಖ್ಯೆ ಕೊಟ್ಟು ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಿ ಎಂದರು. ಎಣಿಸುವಾಗ ಗೊಣಗಿಕೊಳ್ಳಲು ಆಗುವುದಿಲ್ಲವಲ್ಲ. 18 ಸೆಕೆಂಡ್ ಆಗುವಷ್ಟರಲ್ಲಿ ಆ ಮೂರು ಅಕ್ಷರವೂ ಹೆಚ್ಚಿನವರ ತಲೆಯಿಂದ ಹೋಗಿತ್ತು. ಇಪ್ಪತ್ತರ ನೋಟು ನನಗೆ ಮಾಡಿದ್ದೂ ಅದನ್ನೇ.

ನನ್ನನ್ನು ಕೇಳಿದರೆ ಮರೆಯುವುದು ದೊಡ್ಡ ವಿಷಯವೇ ಅಲ್ಲ. ಅಷ್ಟಾದರೂ ಹೊತ್ತು ಹೇಗೆ ಉಳಿಯುತ್ತದೆ ಅನ್ನುವುದೇ ಒಗಟು. ಮಿದುಳಿನ ಒಂದು ನರಕೋಶಕ್ಕೆ ಸಿಗ್ನಲ್ ಬಂದರೆ ಅದು ಒಂದಿಷ್ಟು ಚಾರ್ಜ್ ಆಗುತ್ತದೆ. ಆ ಚಾರ್ಜು ತೂತಿನ ಬಿಂದಿಗೆಯ ನೀರಿನ ಹಾಗೆ ಸೋರಿಹೋಗುತ್ತದೆ. ಸೋರಲು ಬೇಕಾದ ಸಮಯ ಸುಮಾರು 10ರಿಂದ 20 ಮಿಲಿಸೆಕೆಂಡ್. ಅಂದರೆ ಒಂದೊಂದು ಕೋಶವೂ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮರೆಯುವ ಗಿರಾಕಿ. ಇಂಥ ಮರೆಗುಳಿಗಳೆಲ್ಲ ಸೇರಿ ಹತ್ತು ಸೆಕೆಂಡ್ ಒಂದು ಓಟಿಪಿ ಹಿಡಿದಿಡುತ್ತವೆ. ಲೆಕ್ಕ ಹಾಕಿದರೆ ಒಬ್ಬೊಬ್ಬರ ಯೋಗ್ಯತೆಗಿಂತ 500 ಪಟ್ಟು ಜಾಸ್ತಿ. ಇದು ಸಾಧ್ಯವಾಗಬೇಕಾದರೆ ಗುಟ್ಟು ಕೋಶದಲ್ಲಿ ಇರಲಾರದು, ಕೋಶಕ್ಕೂ ಕೋಶಕ್ಕೂ ಇರುವ ಜೋಡಣೆಯಲ್ಲಿ ಇರಬೇಕು.

ಈ ವಿಷಯ ಈಗ ಯಾಕೆ ಅಂದರೆ, ಆ ಜೋಡಣೆಯ ನಕ್ಷೆಗಳು ಇತ್ತೀಚೆಗೆ ಒಂದರ ಹಿಂದೆ ಒಂದು ಬರುತ್ತಿವೆ. 2024ರ ಅಕ್ಟೋಬರ್‌ನಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ವೈರಿಂಗ್ ನಕ್ಷೆ ಪ್ರಕಟವಾಯಿತು: 1,39,255 ನರಕೋಶ, 5 ಕೋಟಿಗೂ ಹೆಚ್ಚು ಸಿನಾಪ್ಸ್, ಅಂದರೆ ಒಂದು ಕೋಶ ಇನ್ನೊಂದಕ್ಕೆ ಸಿಗ್ನಲ್ ದಾಟಿಸುವ ಕೊಂಡಿ. 2025ರ ಏಪ್ರಿಲ್‌ನಲ್ಲಿ ಇಲಿಯ ಮಿದುಳಿನ ಒಂದು ಘನ ಮಿಲಿಮೀಟರ್, ಅಂದರೆ ಒಂದು ಸಾಸಿವೆ ಕಾಳಿನಷ್ಟು ಜಾಗದ ನಕ್ಷೆ ಬಂತು. ಅಷ್ಟರಲ್ಲೇ 50 ಕೋಟಿಗೂ ಮೀರಿ ಸಿನಾಪ್ಸ್. ನಕ್ಷೆ ಸಿಕ್ಕಿತು, ಇನ್ನೇನು ನೆನಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ ಎಂದು ಹಲವರು ಅಂದುಕೊಂಡಿದ್ದಾರೆ. ಅಷ್ಟು ಸಲೀಸಲ್ಲ. ಯಾಕೆ ಅಂತ ಹೇಳಲು ಮೊದಲು ಗಣೇಶನ ಪೆಂಡಾಲಿಗೆ ಹೋಗಿ ಬರಬೇಕು.

ಮೈಕು ಕೂಗುವ ಮುಂಚೆ

ಗಣೇಶನ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಮೈಕ್‌ಸೆಟ್‌ನವರು "ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಾರೆ. ಮೈಕು ಬಾಕ್ಸಿನ ಕಡೆ ತಿರುಗಿದ್ದರೆ ಕಿವಿ ಕಿತ್ತುಹೋಗುವ ಹಾಗೆ ‘ಕೂಂಯ್’ ಅನ್ನುತ್ತದೆ. ಮೈಕಿನ ಸದ್ದು ಬಾಕ್ಸಿಗೆ, ಬಾಕ್ಸಿನ ಸದ್ದು ಮತ್ತೆ ಮೈಕಿಗೆ, ಸುತ್ತಿ ಸುತ್ತಿ ಬೆಳೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಗಮನ ಕೊಟ್ಟು ಕೇಳಬೇಕಾದ್ದು ಕೂಗುವುದಕ್ಕಿಂತ ಸ್ವಲ್ಪ ಮುಂಚಿನ ಹಂತ. ನಾಬ್ ಇನ್ನೂ ಒಂದು ಕೂದಲೆಳೆ ಕೆಳಗಿದೆ. ಆಗ "ಹಲೋ" ಅಂದರೆ ‘ಹಲೋ ಓ ಓ ಓ’ ಎಂದು ಬಾಲ ಎಳೆಯುತ್ತದೆ. ಸದ್ದೂ ದೊಡ್ಡದಾಯಿತು, ಜಾಸ್ತಿ ಹೊತ್ತೂ ಉಳಿಯಿತು.

ನೆನಪಿನ ಬಗ್ಗೆ ವಿಜ್ಞಾನದ ಹಳೆಯ ವಿವರಣೆ ಇದೇ. 1930ರ ದಶಕದಲ್ಲಿ ಲೊರೆಂಟೆ ದೆ ನೋ ನರಕೋಶಗಳು ಸುತ್ತಿಕೊಂಡು ಮತ್ತೆ ತಮಗೇ ಜೋಡಣೆಯಾಗುವುದನ್ನು ತೋರಿಸಿದರು. 1949ರಲ್ಲಿ ಡೊನಾಲ್ಡ್ ಹೆಬ್, ಹೀಗೆ ಸುತ್ತುವ ಸದ್ದೇ ಕ್ಷಣದ ನೆನಪು ಎಂದರು. 1971ರಲ್ಲಿ ಸಾಕ್ಷಿಯೂ ಸಿಕ್ಕಿತು. ಹ್ವಾಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಕೋತಿಗೆ ತಿಂಡಿ ಎಲ್ಲಿದೆ ಎಂದು ತೋರಿಸಿ, ಮುಚ್ಚಿ, ಕಾಯಿಸಿದರು. ಕಾಯುವಷ್ಟೂ ಹೊತ್ತು ಹಣೆಯ ಹಿಂದಿನ ಭಾಗದ ಕೆಲವು ನರಕೋಶಗಳು ಸುಮ್ಮನಾಗದೆ ಮಿಡಿಯುತ್ತಲೇ ಇದ್ದವು. ಅದೇ ವರ್ಷ ಜಪಾನಿನಲ್ಲಿ ಕುಬೋಟಾ ಮತ್ತು ನಿಕಿ ಕೂಡ ಇಂಥದ್ದನ್ನೇ ಕಂಡರು. ಲೂಪ್ ಅಂದರೆ ನೆನಪು ಎಂಬ ಮಾತು ಪಠ್ಯಪುಸ್ತಕ ಸೇರಿತು.

ಲೂಪಿನ ಲೆಕ್ಕವನ್ನು ಪಿಯುಸಿ ಗಣಿತದಲ್ಲೇ ಮಾಡಬಹುದು. ಒಂದು ಸುತ್ತು ಬಂದಾಗ ಸದ್ದು 0.9 ಪಾಲು ಉಳಿಯುತ್ತದೆ ಅನ್ನಿ. ಆಗ ಒಟ್ಟು ಸದ್ದು 1 + 0.9 + 0.81 ಹೀಗೆ ಕೂಡುತ್ತಾ ಹೋಗಿ 10ಕ್ಕೆ ನಿಲ್ಲುತ್ತದೆ. ಹತ್ತು ಪಟ್ಟು ವರ್ಧನೆ. ಆದರೆ 20 ಮಿಲಿಸೆಕೆಂಡಿನಲ್ಲಿ ಇಳಿಯಬೇಕಿದ್ದ ಸದ್ದು ಈಗ 200 ಮಿಲಿಸೆಕೆಂಡ್ ಎಳೆಯುತ್ತದೆ. ಎಷ್ಟು ಪಟ್ಟು ದೊಡ್ಡದೋ ಅಷ್ಟೇ ಪಟ್ಟು ನಿಧಾನ. ಇದರಲ್ಲಿ ರಿಯಾಯಿತಿ ಇಲ್ಲ.

ನೆನಪಿಗೆ ಈ ನಿಧಾನವೇ ಬೇಕು, ಸರಿ. ಹತ್ತು ಸೆಕೆಂಡ್ ಬೇಕಾದರೆ ಸುತ್ತಿನ ಪಾಲು 0.998 ಇರಬೇಕು. ಅದು ಸ್ವಲ್ಪ ಜಾರಿ 0.997 ಆಯಿತೋ, ಹತ್ತು ಸೆಕೆಂಡಿನ ನೆನಪು ಏಳು ಸೆಕೆಂಡಿಗಿಂತ ಕೆಳಗೆ ಬರುತ್ತದೆ. 1 ದಾಟಿತೋ, ಕೂಂಯ್. ಮಿದುಳಿನಲ್ಲಿ ಕೂಂಯ್ ಅಂದರೆ ತಮಾಷೆಯಲ್ಲ. ಎಬ್ಬಿಸುವ ಸಿಗ್ನಲ್ಲು ಹತೋಟಿ ತಪ್ಪಿ ಹಬ್ಬುವುದನ್ನೇ ನಾವು ಫಿಟ್ಸ್ ಅನ್ನುವುದು. ಕಾಫಿ ಕುಡಿದರೆ, ನಿದ್ದೆ ಕೆಟ್ಟರೆ, ಜ್ವರ ಬಂದರೆ ಏರುಪೇರಾಗುವ ಈ ಮೆತ್ತನೆಯ ಯಂತ್ರ ಸಾವಿರದಲ್ಲಿ ಒಂದರಷ್ಟು ಕರಾರುವಾಕ್ಕಾಗಿ ನಾಬ್ ಹಿಡಿದುಕೊಂಡು ಕೂರುತ್ತದೆಯೇ? ನನಗೆ ಈ ಕಥೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಇನ್ನೊಂದು ತೊಡಕೂ ಇದೆ. ರಸ್ತೆಯಲ್ಲಿ ನಾಯಿ ಅಡ್ಡ ಬಂದರೆ ಮಂದ ಸಿಗ್ನಲ್ಲನ್ನು ಮಿದುಳು ತಕ್ಷಣ ದೊಡ್ಡದು ಮಾಡಿಕೊಳ್ಳಬೇಕು. ದೊಡ್ಡದಾಗಲು ನಿಧಾನವಾಗಲೇಬೇಕು ಅನ್ನುವುದಾದರೆ ಅಷ್ಟರಲ್ಲಿ ಸ್ಕೂಟರು ನಾಯಿಯ ಮೇಲೆ.

ನೋಟು ಎಲ್ಲಿದೆ?

ಈಗ ಬಸ್ಸಿಗೆ ವಾಪಸ್ ಬನ್ನಿ. ಕ್ಯೂಆರ್ ಕೋಡ್ ಬಂದ ಮೇಲೂ ರಷ್ ಹೊತ್ತಿನಲ್ಲಿ ನೋಟು ಕೈಯಿಂದ ಕೈಗೆ ದಾಟುವುದು ನಿಂತಿಲ್ಲ. ಹಿಂದಿನ ಸೀಟಿನ ಹುಡುಗನ ಇಪ್ಪತ್ತು ರೂಪಾಯಿ ಏಳೆಂಟು ಕೈ ದಾಟಿ ಕಂಡಕ್ಟರ್ ಹತ್ತಿರ ಹೋಗುತ್ತದೆ. ಒಂದು ಕೈಯಲ್ಲಿ ಅದು ಇರುವುದು ಎರಡೋ ಮೂರೋ ಸೆಕೆಂಡ್. ಯಾರೂ ಅದನ್ನು ನೆನಪಿಟ್ಟುಕೊಳ್ಳುತ್ತಿಲ್ಲ, ಸುಮ್ನೆ ಮುಂದಕ್ಕೆ ತಳ್ಳುತ್ತಿದ್ದಾರೆ. ಆದರೂ ಅರ್ಧ ನಿಮಿಷದ ಮಟ್ಟಿಗೆ ‘ಹುಡುಗ ದುಡ್ಡು ಕೊಟ್ಟಿದ್ದಾನೆ’ ಎಂಬ ಸಂಗತಿ ಬಸ್ಸಿನೊಳಗೆ ಭದ್ರವಾಗಿದೆ. ನೋಟು ಯಾರ ಕೈಯಲ್ಲಿದೆ ಎಂದು ಕೇಳಿದರೆ ಉತ್ತರ ಬದಲಾಗುತ್ತಲೇ ಇರುತ್ತದೆ. ನೋಟು ಬಸ್ಸಿನಲ್ಲಿ ಇದೆಯಾ ಎಂದು ಕೇಳಿ. ಉತ್ತರ ಒಂದೇ: ಇದೆ.

2009ರಲ್ಲಿ ಮಾರ್ಕ್ ಗೋಲ್ಡ್‌ಮನ್ ಹೇಳಿದ್ದರ ತಿರುಳು ಇಷ್ಟೇ. ಅವರ ಪ್ರಬಂಧದ ವಾದವೇ ಫೀಡ್‌ಬ್ಯಾಕ್ ಇಲ್ಲದ ನೆನಪು. ಒಂದು ಗುಂಪಿನ ಕೋಶಗಳು ಮುಂದಿನ ಗುಂಪಿಗೆ, ಅದು ಅದರ ಮುಂದಿನದಕ್ಕೆ ಸಿಗ್ನಲ್ ದಾಟಿಸುತ್ತವೆ. ಪ್ರತಿ ಹಂತವೂ ಸೋರುತ್ತದೆ, ಸೋರುವ ಮುಂಚೆ ದಾಟಿಸುತ್ತದೆ. ಎಲ್ಲ ಹಂತಗಳನ್ನೂ ಒಟ್ಟಿಗೆ ಕೂಡಿ ಓದುವವರಿಗೆ ಸಿಗ್ನಲ್ಲು ಅಲ್ಲಾಡದೆ ನಿಂತ ಹಾಗೆ ಕಾಣುತ್ತದೆ. ಹಂತಕ್ಕೆ 20 ಮಿಲಿಸೆಕೆಂಡ್ ಹಿಡಿದರೆ ನೂರು ಹಂತಕ್ಕೆ 2 ಸೆಕೆಂಡ್. ಎನ್‌ಎಂಡಿಎ ಚಾನೆಲ್ ಎಂಬ, ಸಿಗ್ನಲ್ಲನ್ನು ಕೋಶದೊಳಗೆ ಬಿಡುವ ನಿಧಾನದ ಬಾಗಿಲುಗಳ ಲೆಕ್ಕದಲ್ಲಿ ಹಂತಕ್ಕೆ 100 ಮಿಲಿಸೆಕೆಂಡ್ ಹಿಡಿದರೆ 10 ಸೆಕೆಂಡ್. ನಾಬ್ ಹೆಚ್ಚುಕಮ್ಮಿಯಾದರೆ ಸಿಗ್ನಲ್ಲು ಸ್ವಲ್ಪ ಮಂಕಾಗಬಹುದು ಇಲ್ಲ ದೊಡ್ಡದಾಗಬಹುದು. ಸುತ್ತಿ ಸುತ್ತಿ ಕೂಗುವ ಭಯ ಇಲ್ಲ, ಯಾಕೆಂದರೆ ಸುತ್ತೇ ಇಲ್ಲ.

ಇದು ಬರೀ ಕಾಗದದ ಮೇಲಿನ ಜಾಣತನ ಅಂತ ಅನುಮಾನ ಬರಬಹುದು. 2012ರಲ್ಲಿ ಕ್ರಿಸ್ಟೋಫರ್ ಹಾರ್ವಿ, ಡೇವಿಡ್ ಟ್ಯಾಂಕ್ ಮತ್ತು ಜೊತೆಗಾರರು ಇಲಿಗಳನ್ನು ಪರದೆಯ ಮೇಲಿನ ಓಣಿಯಲ್ಲಿ ಓಡಿಸಿದರು. ಮೊದಲು ಸಿಕ್ಕ ಸುಳಿವನ್ನು ನೆನಪಿಟ್ಟುಕೊಂಡು ಕೊನೆಯಲ್ಲಿ ಎಡಕ್ಕೋ ಬಲಕ್ಕೋ ತಿರುಗಬೇಕು. ಆ ನಡುವಿನ ಹೊತ್ತಿನಲ್ಲಿ ಮಿದುಳಿನ ಪರೈಟಲ್ (ನೆತ್ತಿಯ ಕಡೆಯ) ಭಾಗದಲ್ಲಿ ಒಂದೇ ಕೋಶ ಉದ್ದಕ್ಕೂ ಮಿಡಿಯುವ ಬದಲು ಕೋಶಗಳು ಸರದಿಯ ಮೇಲೆ ಮಿಡಿದವು. ಎಡಕ್ಕೊಂದು ಸರಣಿ, ಬಲಕ್ಕೊಂದು ಸರಣಿ. ನೋಟು ಕೈ ದಾಟುತ್ತಿತ್ತು.

ಹಾಗಾದರೆ ಮಿದುಳಿನಲ್ಲಿ ಇಂಥ ಸಾಲು ಎಲ್ಲಿದೆ? ಇಲ್ಲೇ ಮಜಾ ಇರುವುದು. ನಕ್ಷೆ ಬಿಡಿಸಿ ನೋಡಿದರೆ ಕಾಣುವುದೆಲ್ಲ ಲೂಪುಗಳು. ಮಿದುಳಿನ ಹೊರಪದರದಲ್ಲಿ ಯಾವ ಕೋಶದಿಂದ ಹೊರಟರೂ ಕೆಲವೇ ಜಿಗಿತಕ್ಕೆ ಮತ್ತೆ ಅಲ್ಲಿಗೇ ಬರಬಹುದು. ಒನ್‌ವೇ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಸಾಲು ಇರುವುದು ಕೋಶಗಳ ನಡುವೆ ಅಲ್ಲ, ಕೋಶಗಳ ಮಾದರಿಗಳ (ಯಾವ ಕೋಶ ಎಷ್ಟು ಮಿಡಿಯುತ್ತಿದೆ ಎಂಬ ಒಟ್ಟು ಚಿತ್ರಗಳ) ನಡುವೆ. ಈ ವಾಕ್ಯ ನನಗೂ ಮೊದಲ ಸಲ ತಲೆಗೆ ಹೋಗಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತು ಲೆಕ್ಕ ಹಾಕಿದ ಮೇಲೆ ಹೋಯಿತು.

ಮಿನರ್ವಾ ಸಿಗ್ನಲ್ಲಿನ ಲೆಕ್ಕ

ಬಸ್ಸು ಮಿನರ್ವಾ ಸರ್ಕಲ್ಲಿನಲ್ಲಿ ನಿಂತಿತ್ತು. ಒಬ್ಬ ಹಾರ್ನ್ ಹೊಡೆದ. ಅವನನ್ನು ಕೇಳಿ ನಾಲ್ವರು ಹೊಡೆದರು. ಗಲಾಟೆ ಕೇಳಿ ಪೊಲೀಸಪ್ಪ ಸೀಟಿ ಊದಿದರು. ಹಾರ್ನು ನಿಂತಿತು, ಸೀಟಿಯೂ ನಿಂತಿತು.

ಇದನ್ನು ಕೋಶಗಳ ಭಾಷೆಯಲ್ಲಿ ನೋಡಿ. ಹಾರ್ನು ಎಬ್ಬಿಸುವ ಕೋಶ, ಸೀಟಿ ಅಡಗಿಸುವ ಕೋಶ. ಹೊರಪದರದಲ್ಲಿ ಮೊದಲನೆಯ ಜಾತಿ ಸುಮಾರು 80 ಭಾಗ, ಎರಡನೆಯದು 20 ಭಾಗ. ಆದರೆ ಆ 20 ಭಾಗದ ಕೈ ಬಲು ಜೋರು. ಈಗ ಒಂದು ನಿಯಮ ಇಟ್ಟುಕೊಳ್ಳೋಣ. ಪ್ರತಿ ಹಾರ್ನು ಮುಂದಿನ ಗಳಿಗೆಯಲ್ಲಿ ನಾಲ್ಕು ಹಾರ್ನನ್ನೂ ನಾಲ್ಕು ಸೀಟಿಯನ್ನೂ ಹುಟ್ಟಿಸುತ್ತದೆ. ಪ್ರತಿ ಸೀಟಿ ನಾಲ್ಕು ಹಾರ್ನನ್ನೂ ನಾಲ್ಕು ಸೀಟಿಯನ್ನೂ ಕಳೆಯುತ್ತದೆ. ಅಂದರೆ ಎಲ್ಲವೂ ಎಲ್ಲದಕ್ಕೂ ಜೋಡಣೆ, ನಾಲ್ಕು ಕಡೆಯಿಂದಲೂ ಲೂಪು.

ಮೊದಲ ಗಳಿಗೆ: ಹಾರ್ನು 1, ಸೀಟಿ 0. ಎರಡನೆಯ ಗಳಿಗೆ: ಹಾರ್ನು 4, ಸೀಟಿ 4. ಮೂರನೆಯ ಗಳಿಗೆ: ನಾಲ್ಕು ಹಾರ್ನು 16 ಸೇರಿಸಲು ನೋಡುತ್ತವೆ, ನಾಲ್ಕು ಸೀಟಿ 16 ಕಳೆಯುತ್ತವೆ. ಹಾರ್ನು 0, ಸೀಟಿ 0. ಮುಗಿಯಿತು.

ಒಂದೇ ಹೆಜ್ಜೆಯಲ್ಲಿ ನಾಲ್ಕು ಪಟ್ಟು, ಮುಂದಿನ ಹೆಜ್ಜೆಗೆ ನಿಶ್ಶಬ್ದ. ಮೈಕಿನ ಬಾಲ ಇಲ್ಲ, ಕೂಂಯ್ ಇಲ್ಲ. ನಿಜವಾದ ಕೋಶಗಳು ಹೀಗೆ ಹೆಜ್ಜೆ ಹೆಜ್ಜೆಯಾಗಿ ಜಿಗಿಯುವುದಿಲ್ಲ, ನುಣುಪಾಗಿ ಏರಿ ಇಳಿಯುತ್ತವೆ. ಆದರೆ ಆಟ ಇದೇ. ‘ಹಾರ್ನು ಸೀಟಿಗಿಂತ ಜಾಸ್ತಿ’ ಎಂಬ ಮಾದರಿ ‘ಎರಡೂ ಜೋರು’ ಎಂಬ ಮಾದರಿಯನ್ನು ಹುಟ್ಟಿಸಿತು. ಎರಡನೆಯದು ಮೊದಲನೆಯದನ್ನು ವಾಪಸ್ ಹುಟ್ಟಿಸಲಿಲ್ಲ. ತಂತಿಗಳೆಲ್ಲ ಲೂಪಾದರೂ ಮಾದರಿಗಳ ಮಟ್ಟದಲ್ಲಿ ಅದು ಒನ್‌ವೇ. ಇದನ್ನೇ ಅಡಗಿದ ಫೀಡ್‌ಫಾರ್ವರ್ಡ್ ಎನ್ನುವುದು. ಬ್ರೆಂಡನ್ ಮರ್ಫಿ ಮತ್ತು ಕೆನೆತ್ ಮಿಲ್ಲರ್ ಇದಕ್ಕೆ 2009ರಲ್ಲಿ ಸಮತೋಲನದ ವರ್ಧನೆ ಎಂದು ಹೆಸರಿಟ್ಟರು. ಸಣ್ಣ ಏರುಪೇರು ಬಂದಾಗ ಎಬ್ಬಿಸುವವರೂ ಅಡಗಿಸುವವರೂ ಒಟ್ಟಿಗೆ ಎದ್ದು, ಒಟ್ಟಿಗೆ ಕೂರುತ್ತಾರೆ. ನಾಯಿ ಅಡ್ಡ ಬಂದಾಗ ಬೇಕಾದ್ದು ಇದು: ದೊಡ್ಡದೂ ಹೌದು, ಬೇಗವೂ ಹೌದು.

ಇಂಜಿನಿಯರಿಂಗ್ ಓದಿದವರು ಈ ಲೆಕ್ಕದ ಮ್ಯಾಟ್ರಿಕ್ಸ್ ಬರೆದು ಐಗನ್‌ವ್ಯಾಲ್ಯೂ (ಮೈಕಿನ ಲೆಕ್ಕದ ಸುತ್ತಿನ ಪಾಲಿನಂಥ ಅಂಕಿ) ತೆಗೆದು ನೋಡಿ. ಎರಡೂ ಸೊನ್ನೆ. ಕಾಲೇಜಿನಲ್ಲಿ ಕಲಿಸಿದ ಪ್ರಕಾರ ಇಲ್ಲಿ ಏನೂ ಆಗಬಾರದು, ವರ್ಧನೆಯಂತೂ ಇಲ್ಲವೇ ಇಲ್ಲ. ಆದರೆ ಕಣ್ಣೆದುರು ನಾಲ್ಕು ಪಟ್ಟು ಆಯಿತಲ್ಲ! ಇಂಥ ಮ್ಯಾಟ್ರಿಕ್ಸ್‌ಗಳಿಗೆ ನಾನ್‌ನಾರ್ಮಲ್ ಎನ್ನುತ್ತಾರೆ. ಇದರ ಮಹತ್ವ ನೀರಿನ ಹರಿವು ಓದುವವರಿಗೆ ಮೊದಲೇ ಗೊತ್ತಿತ್ತು. ಐಗನ್‌ವ್ಯಾಲ್ಯೂ ಲೆಕ್ಕದಲ್ಲಿ ಸದ್ದಿಲ್ಲದೆ ಹರಿಯಬೇಕಾದ ನೀರು ಪೈಪಿನಲ್ಲಿ ಯಾಕೆ ಸುಳಿಸುಳಿಯಾಗಿ ಕೆರಳುತ್ತದೆ ಎಂಬುದಕ್ಕೆ 1993ರಲ್ಲಿ ನಿಕ್ ಟ್ರೆಫೆಥೆನ್ ಮತ್ತು ಜೊತೆಗಾರರು ಕೊಟ್ಟ ಉತ್ತರವೂ ಇದೇ ಜಾತಿಯದು. ಕೊನೆಗೆ ಏನಾಗುತ್ತದೆ ಎಂಬುದನ್ನು ಐಗನ್‌ವ್ಯಾಲ್ಯೂ ಹೇಳುತ್ತದೆ, ನಡುವೆ ಏನೇನಾಯಿತು ಎಂಬುದನ್ನು ಹೇಳುವುದಿಲ್ಲ. ಕ್ಷಣದ ನೆನಪು ಬದುಕುವುದೇ ಆ ನಡುವಿನಲ್ಲಿ.

ಮಿದುಳು ಹೀಗಿರುವುದು ಆಕಸ್ಮಿಕ ಅಲ್ಲ. ಒಂದು ನರಕೋಶ ಸಾಮಾನ್ಯವಾಗಿ ಎಬ್ಬಿಸುವುದಾದರೆ ಎಲ್ಲರನ್ನೂ ಎಬ್ಬಿಸುತ್ತದೆ, ಅಡಗಿಸುವುದಾದರೆ ಎಲ್ಲರನ್ನೂ ಅಡಗಿಸುತ್ತದೆ. ಹಾರ್ನು ಸೀಟಿಯನ್ನು ಎಬ್ಬಿಸುತ್ತದೆ, ಸೀಟಿ ಹಾರ್ನನ್ನು ಅಡಗಿಸುತ್ತದೆ. ನಾನು ನಿನಗೆ ಕೊಟ್ಟಷ್ಟೇ ನೀನು ನನಗೆ ಕೊಡು ಎಂಬ ಸಮಪಾಲು ಇಲ್ಲಿ ಸಾಧ್ಯವೇ ಇಲ್ಲ. 2024ರ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜಾನ್ ಹಾಪ್‌ಫೀಲ್ಡ್ 1982ರಲ್ಲಿ ಕಟ್ಟಿದ ಪ್ರಸಿದ್ಧ ಜಾಲ ಸಮಪಾಲಿನದು. ಗಣಿತಕ್ಕೆ ಅದು ಬಹಳ ಚೆಂದ. ಮಿದುಳು ಅಷ್ಟು ಚೆಂದ ಇಲ್ಲ, ಪುಣ್ಯಕ್ಕೆ.

ಸದ್ದು ಗದ್ದಲದಲ್ಲಿ "ಕಾರ್ಪೊರೇಷನ್ ಒಂದು"

ನೋಟಿನ ಜೊತೆ ಒಂದು ಮಾತೂ ಪ್ರಯಾಣ ಮಾಡುತ್ತದೆ. ನೋಟು ಹಾಳಾಗುವುದಿಲ್ಲ, ಮಾತು ಹಾಳಾಗುತ್ತದೆ. ಹಿಂದೆ "ಕಾರ್ಪೊರೇಷನ್ ಒಂದು" ಅಂದಿದ್ದು ನಾಲ್ಕು ಕಿವಿ ದಾಟಿ, ಇಂಜಿನ್ ಸದ್ದು ಸೇರಿ, ಕಂಡಕ್ಟರ್ ಕಿವಿಗೆ "ಕಾರ್ಪೊರೇಷನ್ ಎರಡಾ?" ಆಗಿರುತ್ತದೆ. ನರಕೋಶಗಳಲ್ಲೂ ಹೀಗೇ. ಪ್ರತಿ ಹಂತದಲ್ಲೂ ಅದರದೇ ಗದ್ದಲ ಸೇರಿಕೊಳ್ಳುತ್ತದೆ. ಹಾಗಾಗಿ ದಾಟಿಸಿದರೆ ಸಾಲದು, ದಾಟಿಸುವಾಗ ದನಿಯನ್ನು ಏರಿಸಬೇಕು. ಮೊದಲಿನವರು ಗಟ್ಟಿಯಾಗಿ ಕೂಗಿ ಹೇಳಿದರೆ ಆಮೇಲೆ ಸೇರುವ ಗದ್ದಲ ಅದರ ಮುಂದೆ ಚಿಕ್ಕದಾಗುತ್ತದೆ.

ನೆನಪು ಮತ್ತು ವರ್ಧನೆ ಒಂದೇ ಹಗ್ಗದ ಎರಡು ಎಳೆ ಎಂದು ನಾನು ಹೇಳುವುದು ಈ ಕಾರಣಕ್ಕೆ. 2008ರಲ್ಲಿ ಸೂರ್ಯ ಗಂಗೂಲಿ, ಡಾಂಗ್‌ಸಂಗ್ ಹಾ ಮತ್ತು ಹೈಮ್ ಸೊಂಪೊಲಿನ್‌ಸ್ಕಿ ಇದನ್ನು ಲೆಕ್ಕದಲ್ಲಿ ತೋರಿಸಿದರು. ಗದ್ದಲದ ನಡುವೆ ಹಳೆಯ ಸಿಗ್ನಲ್ಲಿನ ಗುರುತು ಎಷ್ಟು ಉಳಿದಿದೆ ಎಂದು ಅಳೆಯಲು ಒಂದು ಅಳತೆಗೋಲು ಮಾಡಿಕೊಂಡರು. ಸಮಪಾಲಿನಂಥ ನಾರ್ಮಲ್ ಜೋಡಣೆಯಲ್ಲಿ ಎಷ್ಟೇ ಕೋಶ ಸೇರಿಸಿದರೂ ಒಟ್ಟು ನೆನಪು ಬೆಳೆಯುವುದಿಲ್ಲ. ಸಾವಿರ ಕೋಶ ಇದ್ದರೂ ಅಷ್ಟೇ, ಲಕ್ಷ ಇದ್ದರೂ ಅಷ್ಟೇ. ಅಡಗಿದ ಸಾಲು ಇದ್ದರೆ ಮಾತ್ರ ಅದು ಕೋಶಗಳ ಸಂಖ್ಯೆಯ ಜೊತೆ ಬೆಳೆಯುತ್ತದೆ. ಆದರೆ ಒಂದು ಕೋಶ ಎಷ್ಟು ಜೋರಾಗಿ ಮಿಡಿಯಬಹುದು ಎಂಬುದಕ್ಕೆ ಮಿತಿ ಇದೆ, ಯಾರೂ ಗಂಟಲು ಹರಿಯುವವರೆಗೆ ಕೂಗಲಾರರು. ಆ ಮಿತಿ ಸೇರಿಸಿದರೆ ನೆನಪು ಕೋಶಗಳ ಸಂಖ್ಯೆಯ ವರ್ಗಮೂಲದಷ್ಟಕ್ಕೆ ಇಳಿಯುತ್ತದೆ. 10,000 ಕೋಶಕ್ಕೆ ನೂರು ಹೆಜ್ಜೆಯ ಆಸುಪಾಸು. ಒಂದು ಕೈಯಿಂದ ಒಂದೇ ಕೈಗೆ ಕೊಡುವ ಬದಲು ಪ್ರತಿ ಹಂತದಲ್ಲೂ ಹೆಚ್ಚು ಕೋಶಗಳಿಗೆ ಹರಡುತ್ತಾ ಹೋಗಬೇಕು. ದನಿ ಏರಿಸಲಾಗದಿದ್ದರೆ ಜನ ಹೆಚ್ಚಿಸಿ, ಅಷ್ಟೇ.

ಹಾಗಂತ ಲೂಪಿನ ಕಥೆ ಸುಳ್ಳಲ್ಲ. 2015ರಲ್ಲಿ ಯೊಹಾನೆಸ್ ಸೀಲಿಗ್ ಮತ್ತು ವಿವೇಕ್ ಜಯರಾಮನ್ ಹಣ್ಣಿನ ನೊಣದ ಮಿದುಳಿನಲ್ಲಿ ಉಂಗುರದಂಥ ಒಂದು ಭಾಗವನ್ನು ನೋಡುತ್ತಿದ್ದರು. ನೊಣ ಯಾವ ಕಡೆ ತಿರುಗಿದೆಯೋ ಅದಕ್ಕೆ ತಕ್ಕಂತೆ ಆ ಉಂಗುರದ ಒಂದು ಕಡೆ ಚಟುವಟಿಕೆಯ ಉಬ್ಬು ಇರುತ್ತದೆ. ದೀಪ ಆರಿಸಿದರೂ ಉಬ್ಬು ಉಳಿಯುತ್ತದೆ. ಇದು ಅಪ್ಪಟ ಲೂಪಿನ ನೆನಪು. ದಿಕ್ಕಿನಂಥ ಒಂದೇ ಸಂಗತಿಯನ್ನು ಜೀವಮಾನವಿಡೀ ಹಿಡಿಯಲು ಮೀಸಲಾದ ಜಾಗ ಅದು. ಓಟಿಪಿ ಹಾಗಲ್ಲ, ಇವತ್ತು ಬಂದು ಇವತ್ತೇ ಸಾಯುವ ಅಂಕಿ. ನನ್ನ ಅಂದಾಜಿನಲ್ಲಿ ಮಿದುಳು ಎರಡನ್ನೂ ಬಳಸುತ್ತದೆ, ಜಾಗಕ್ಕೊಂದು ಕೆಲಸಕ್ಕೊಂದು. ಯಾವುದಾದರೂ ಒಂದೇ ಸರಿ ಎಂದು ಹಟ ಹಿಡಿಯುವವರು ಮಾಡೆಲ್ ಕಟ್ಟುವವರೇ ಹೊರತು ಮಿದುಳಲ್ಲ.

ನಕ್ಷೆಯ ಮಾತಿಗೆ ಬರೋಣ. ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಮ್ಮಿನಲ್ಲಿ ಗ್ಲೌಸ್ ಹಾಕಿಕೊಂಡು ಮನುಷ್ಯರ ಮಿದುಳನ್ನು ಕೈಯಲ್ಲಿ ಹಿಡಿಯಬಹುದು. ಒಂದೂಕಾಲು ಕೆಜಿಯ ಮೇಲೆ ತೂಗುವ, ಅಣಬೆ ಬಣ್ಣದ, ಗಟ್ಟಿಯಾದ ವಸ್ತು. ಅದರಲ್ಲಿ ಸುಮಾರು 8,600 ಕೋಟಿ ನರಕೋಶ. ನಾಳೆ ಅದರ ಪ್ರತಿ ತಂತಿಯ ನಕ್ಷೆ ಸಿಕ್ಕರೂ ಮೇಲಿನ ಹಾರ್ನು ಸೀಟಿಯ ಆಟ ಅದರಲ್ಲಿ ಕಾಣುವುದಿಲ್ಲ. ಯಾವ ತಂತಿಗೆ ಎಷ್ಟು ಬಲ, ಅದು ಎಬ್ಬಿಸುತ್ತದೋ ಅಡಗಿಸುತ್ತದೋ ಎಂಬುದು ಗೊತ್ತಾಗಬೇಕು. ಆಮೇಲೆ ಲೆಕ್ಕ ಹಾಕಿ ಮಾದರಿಗಳನ್ನು ಹೊರತೆಗೆಯಬೇಕು. ಊರಿನ ಮ್ಯಾಪು ನೋಡಿದರೆ ರಸ್ತೆಗಳು ಎರಡೂ ಕಡೆ ಹೋಗುತ್ತವೆ. ಬೆಳಗ್ಗೆ ಒಂಬತ್ತಕ್ಕೆ ಜನ ಯಾವ ಕಡೆ ಹರಿಯುತ್ತಾರೆ ಎಂಬುದು ಮ್ಯಾಪಿನಲ್ಲಿಲ್ಲ, ವೈಟ್‌ಫೀಲ್ಡ್ ಕಡೆಯ ಬಸ್ ಹತ್ತಿದವರಿಗೆ ಗೊತ್ತು. ಇಲಿಯ ನಕ್ಷೆ ಮಾಡಿದವರು ಜಾಣರು. ಮೊದಲು ಅದೇ ಜಾಗದ ಸಾವಿರಾರು ಕೋಶಗಳು ಇಲಿ ವಿಡಿಯೋ ನೋಡುವಾಗ ಹೇಗೆ ಮಿಡಿಯುತ್ತವೆ ಎಂದು ದಾಖಲಿಸಿ, ಆಮೇಲೆ ಹೋಳು ಮಾಡಿ ನಕ್ಷೆ ತೆಗೆದರು. ರಸ್ತೆಯೂ ಇದೆ, ಟ್ರಾಫಿಕ್ಕೂ ಇದೆ. ನನಗೆ ಭರವಸೆ ಇರುವುದು ಅಲ್ಲಿ.

ಐಟಿಯವರ ಊರಿನಲ್ಲಿ ಕೂತು ಎಐ ಬಗ್ಗೆ ಒಂದು ಮಾತು ಹೇಳದಿದ್ದರೆ ಹೇಗೆ? ಯಂತ್ರಗಳೂ ಇದೇ ಗುಂಡಿಗೆ ಬಿದ್ದು ಎದ್ದಿವೆ. 1997ರ ಎಲ್‌ಎಸ್‌ಟಿಎಂ ಎಂಬ ಎಐ ಜಾಲದ ಒಳಗೆ ತನಗೆ ತಾನೇ ಸುತ್ತುವ ಒಂದು ಲೂಪಿದೆ. ಅದರ ಪಾಲನ್ನು ನೇರವಾಗಿ 1 ಎಂದೇ ಇಟ್ಟುಬಿಟ್ಟರು. ಕೋಡಿನಲ್ಲಿ 1 ಅಂದರೆ 1, ನಾಬ್ ಜಾರುವ ಚಿಂತೆ ಇಲ್ಲ. ಇಂದಿನ ಚಾಟ್‌ಬಾಟ್‌ಗಳ ಹಿಂದಿರುವ 2017ರ ಟ್ರಾನ್ಸ್‌ಫಾರ್ಮರ್ ಜಾಲ ಜಾಣತನದಿಂದ ಪ್ರಶ್ನೆಯಿಂದಲೇ ತಪ್ಪಿಸಿಕೊಂಡಿತು: ನೆನಪಿಡುವ ಗೋಜೇ ಬೇಡ, ಹಳೆಯ ಮಾತನ್ನೆಲ್ಲ ಎದುರಿಗೆ ಹರಡಿಕೊಂಡು ಓದುತ್ತದೆ. ಚಾಟ್ ಉದ್ದವಾದಷ್ಟೂ ಮೆಮೊರಿ ತಿನ್ನುವುದು ಅದಕ್ಕೇ. ಆಮೇಲೆ 2020ರಲ್ಲಿ ಹಳೆಯ ಸಿಗ್ನಲ್ಲನ್ನು ನೆನಪಿಡುವ ಹಿಪ್ಪೋ ಎಂಬ ವಿಧಾನ ಬಂತು. ಅದರ ಹೆಸರಾಂತ ಮ್ಯಾಟ್ರಿಕ್ಸ್‌ನಲ್ಲಿ ಕರ್ಣದ ಮೇಲಿನ ಭಾಗವೆಲ್ಲ ಸೊನ್ನೆ. ಅಂದರೆ ಒನ್‌ವೇ. ಅದೇ ವಂಶದಲ್ಲಿ 2023ರ ಮಾಂಬಾ ಎಂಬ ಎಐ ಜಾಲ ಹುಟ್ಟಿತು. ಬಸ್ಸಿನ ಸಾಲು ಬೇರೆ ಬಾಗಿಲಿಂದ ಒಳಗೆ ಬಂತು.

ಕೊನೆಯದಾಗಿ, ಲೂಪೂ ಅಲ್ಲದ ಸಾಲೂ ಅಲ್ಲದ ಮೂರನೆಯ ದಾರಿಯೊಂದಿದೆ. ನೋಟು ಕಂಡಕ್ಟರ್ ಕೈ ಸೇರಿದ ಮೇಲೆ ಚಿಲ್ಲರೆ ಇಲ್ಲದಿದ್ದರೆ ಅವರು ಏನು ಮಾಡುತ್ತಾರೆ? ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಾರೆ. ಆಮೇಲೆ ಅದನ್ನು ಯಾರೂ ಗೊಣಗಬೇಕಿಲ್ಲ, ಯಾರೂ ದಾಟಿಸಬೇಕಿಲ್ಲ. 2008ರಲ್ಲೇ ಮೊಂಜಿಲ್ಲೊ, ಬರಾಕ್ ಮತ್ತು ಸೋದಿಕ್ಸ್ ಇಂಥ ಒಂದು ಸಿದ್ಧಾಂತ ಮುಂದಿಟ್ಟರು. ಒಂದು ಕೋಶ ಮಿಡಿದ ಮೇಲೆ ಅದರ ಸಿನಾಪ್ಸ್‌ನಲ್ಲಿ ಕ್ಯಾಲ್ಸಿಯಂ ಸ್ವಲ್ಪ ಹೊತ್ತು ಉಳಿಯುತ್ತದೆ, ಒಂದು ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತು ಆ ಸಿನಾಪ್ಸ್ ಬಲವಾಗಿರುತ್ತದೆ. ಮಿಡಿತ ನಿಂತರೂ ಗುರುತು ನಿಂತಿರುತ್ತದೆ. ಆಗಾಗ ಒಮ್ಮೆ ಮಿಡಿದು ಗುರುತನ್ನು ತಿದ್ದಿಕೊಂಡರೆ ನೆನಪು ಮುಂದುವರಿಯುತ್ತದೆ, ಖರ್ಚೂ ಕಡಿಮೆ. ಒಂದೇ ಷರತ್ತು. ಯಾರಾದರೂ ತಿರುಗಿಸಿ ಓದಬೇಕು.

ಆ ದಿನ ಎರಡನೆಯ ಓಟಿಪಿ ತರಿಸಿಕೊಂಡೆ. ಮೂರು ಮೂರಾಗಿ ಒಡೆದು ಗೊಣಗಿಕೊಂಡು ಬಿಲ್ ಕಟ್ಟಿದೆ. ಕಾರ್ಪೊರೇಷನ್ ಬಂತು, ಹುಡುಗ ಇಳಿದ, ಹಿಂದೆಯೇ ನಾನೂ ಇಳಿದೆ. ಮನೆಗೆ ಬಂದು ಪ್ಯಾಂಟಿನ ಜೇಬು ತಡಕಿದಾಗ ನನ್ನ ಟಿಕೆಟ್ಟು ಸಿಕ್ಕಿತು. ಹಿಂದುಗಡೆ ನೀಲಿ ಪೆನ್ನಿನಲ್ಲಿ ಸೊಟ್ಟಗೆ ‘4’ ಎಂದು ಬರೆದಿತ್ತು.